ಸೀತಾಳೆಗೆ ಯಾವ ಮಳೆ?

ಮೇ ತಿಂಗಳ ಕೊನೆಯ ವಾರ ಶುರುವಾಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ವಿಷಯಕ್ಕೆ. "ಸೀತಾಳೆ ದಂಡೆ ಹೂ ಬಿಟ್ಟಿದೆ, ಈಗ ತಂದು ನಮ್ಮನೆ ಮಾವಿನ ಮರಕ್ಕೆ ಕಟ್ಟಬಹುದಾ?" ಹೂವಿಲ್ಲದ ಹನ್ನೊಂದು ತಿಂಗಳು ಅದರ ಹತ್ತಿರ ಯಾರೂ ಸುಳಿಯುವುದಿಲ್ಲ. ಮರದ ಮೇಲೆ ದಪ್ಪ ಎಲೆಯ, ಮಂಕು ಹಸಿರಿನ, ಧೂಳು ಹಿಡಿದ ಗೊಂಚಲು. ಹಲಸಿನಕಾಯಿ ಕೊಯ್ಯಲು ಮರ ಹತ್ತಿದವರು ಕಾಲಿಗೆ ಅಡ್ಡ ಬಂತೆಂದು ಕಿತ್ತು ಎಸೆಯುವುದೂ ಉಂಟು. ಹೂ ಬಿಟ್ಟ ಹದಿನೈದು ದಿನ ಮಾತ್ರ ಎಲ್ಲರ ಕಣ್ಣೂ ಮೇಲಕ್ಕೆ. ಗಿಡ ಬೇಕು ಎನ್ನುವ ಆಸೆ ಹುಟ್ಟುವ ಕಾಲ ಅದು. ಗಿಡವನ್ನು ಕದಲಿಸುವ ಕಾಲ ಅದೇ ಆಗಿರಬೇಕೆಂದೇನೂ ಇಲ್ಲ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ ಅಡಿಕೆ ತೋಟ, ಅದರ ಮೇಲೊಂದಿಷ್ಟು ಬೆಟ್ಟ. ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದು ನಿವೃತ್ತನಾದ ಮೇಲೆ ಮರದ ಮೇಲಿನ ಗಿಡಗಳನ್ನು ನೋಡುವ ಅಭ್ಯಾಸ ಹೆಚ್ಚಾಯಿತು. ಹಾಗಾಗಿ ನನ್ನನ್ನು ಕೇಳುತ್ತಾರೆ.

ಸೀತಾಳೆ ದಂಡೆಯ ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಇಂಗ್ಲಿಷಿನವರು ನರಿಬಾಲದ ಆರ್ಕಿಡ್ ಎಂದು ಕರೆದರು. ನಮ್ಮವರಿಗೆ ಅದರಲ್ಲಿ ಹೆಂಗಸರ ಮುಡಿ ಕಂಡಿತು. ದಂಡೆ ಎಂದರೆ ಮುಡಿಗೆ ಸುತ್ತುವ ಹೂಮಾಲೆ. ಒಂದೊಂದು ಗೊನೆಯಲ್ಲೂ ನೂರಕ್ಕೆ ಹೆಚ್ಚು ಹೂ, ಬಿಳಿಯ ಮೇಲೆ ನೇರಳೆ-ಗುಲಾಬಿ ಚುಕ್ಕೆ. ಕಟ್ಟುವ ಕೆಲಸವೇ ಇಲ್ಲ, ಮರವೇ ಕಟ್ಟಿ ಕೊಟ್ಟ ಹಾಗೆ. ಸೀತೆ ವನವಾಸದಲ್ಲಿ ಮುಡಿದದ್ದು ಇದನ್ನೇ ಎಂದು ನಮ್ಮ ಕಡೆ ಹೇಳುತ್ತಾರೆ. ನನ್ನ ಅಮ್ಮನ ಕಾಲದಲ್ಲಿ ಮೇ ಕೊನೆಯ ಮದುವೆಗಳಿಗೆ ಮಲ್ಲಿಗೆ ತರಲು ಪೇಟೆಗೆ ಹೋಗುತ್ತಿರಲಿಲ್ಲ, ಹುಡುಗರನ್ನು ಮರ ಹತ್ತಿಸುತ್ತಿದ್ದರು.

ಮೊದಲು ಒಂದು ತಪ್ಪು ತಿಳಿವಳಿಕೆ. ಇದನ್ನು ಬಂದಳಿಕೆ ಎಂದುಕೊಂಡು ಮರಕ್ಕೆ ಕೆಡುಕೆಂದು ಕೀಳುವವರಿದ್ದಾರೆ. ಬಂದಳಿಕೆ ಮರದ ಒಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ಮರದಿಂದ ಕೂರಲು ಜಾಗ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಅದಕ್ಕೆ ಬೇಕಾದ ನೀರು ಮಳೆ ಮತ್ತು ಇಬ್ಬನಿಯಿಂದ, ಬೇಕಾದ ಗೊಬ್ಬರ ತೊಗಟೆಯ ಸಂದಿಯಲ್ಲಿ ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಧೂಳಿನಿಂದ. ಇಷ್ಟು ತಿಳಿದರೆ ಯಾವಾಗ ನೆಡಬೇಕು ಎನ್ನುವುದೂ ಅರ್ಧ ತಿಳಿದಂತೆ. ಯಾಕೆಂದರೆ ಇದನ್ನು ನೆಡುವುದು ಎಂದರೆ ಮಣ್ಣಲ್ಲಿ ಹೂಳುವುದಲ್ಲ, ಬೇರಿಗೆ ಹಿಡಿದುಕೊಳ್ಳಲು ಒಂದು ಜಾಗ ತೋರಿಸುವುದು.

ಆ ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ. ಬೇಸಿಗೆಯಲ್ಲಿ ಅದು ಸುಣ್ಣ ಬಳಿದ ಹಗ್ಗದಂತೆ ಬೆಳ್ಳಗಿರುತ್ತದೆ. ಹೊರಗಿನ ಆ ಬಿಳಿ ಹೊದಿಕೆ ಸತ್ತ ಜೀವಕೋಶಗಳ ಸ್ಪಂಜು, ವೆಲಾಮೆನ್ ಎನ್ನುತ್ತಾರೆ. ಒಂದು ಹನಿ ನೀರು ಬಿಡಿ, ಕ್ಷಣದಲ್ಲಿ ಹೀರಿಕೊಂಡು ಒಳಗಿನ ಹಸಿರು ಕಾಣಿಸುತ್ತದೆ. ಒಣ ಕಾಲದಲ್ಲಿ ಬೇರಿನ ತುದಿ ಕೂಡ ಈ ಬಿಳಿ ಹೊದಿಕೆಯಿಂದ ಮುಚ್ಚಿಹೋಗಿರುತ್ತದೆ, ಅಂದರೆ ಬೆಳವಣಿಗೆ ನಿಂತಿದೆ. ಮುಂಗಾರಿನ ಮುಂಚಿನ ಗುಡುಗು ಮಳೆ ಬಿದ್ದ ಮೇಲೆ ಆ ತುದಿ ಒಡೆದು, ಗಾಜಿನಂತೆ ಹೊಳೆಯುವ ಹಸಿರು ಮೂತಿ ಹೊರಬರುತ್ತದೆ. ಕೆಲವಕ್ಕೆ ಸ್ವಲ್ಪ ಕೆಂಪು ಛಾಯೆ. ತೊಗಟೆಗೆ ಅಂಟಿಕೊಳ್ಳುವುದು ಬೆಳೆಯುತ್ತಿರುವ ಈ ಭಾಗ ಮಾತ್ರ. ಒಮ್ಮೆ ಬೆಳೆದು ಗಟ್ಟಿಯಾದ ಬೇರನ್ನು ಮರದಿಂದ ಬಿಡಿಸಿದರೆ ಅದು ಇನ್ನೊಂದು ಮರಕ್ಕೆ ಅಂಟುವುದಿಲ್ಲ. ನೀರು ಹೀರೀತು, ಹಿಡಿದುಕೊಳ್ಳಲಾರದು.

ಆದ್ದರಿಂದ ನನ್ನ ಲೆಕ್ಕ ಇಷ್ಟೇ. ಗಿಡದ ಬುಡದಲ್ಲಿ ಹೊಸ ಬೇರಿನ ಹಸಿರು ಮೂತಿ ಅರ್ಧ ಇಂಚಿನಷ್ಟು ಕಂಡಾಗ ಕಟ್ಟಬೇಕು. ಅದಕ್ಕೆ ಮೊದಲು ಕಟ್ಟಿದರೆ ಹಿಡಿಯದ ಗಿಡ ಬಿಸಿಲಲ್ಲಿ ಒಣಗುತ್ತದೆ. ಬೇರು ಉದ್ದ ಬೆಳೆದ ಮೇಲೆ ಕಟ್ಟಹೋದರೆ ಆ ಎಳೆ ಬೇರು ಕೈ ತಾಗಿದರೆ ಸಾಕು, ಮುರಿಯುತ್ತದೆ. ವರ್ಷದಲ್ಲಿ ಮೂರ್ನಾಲ್ಕು ವಾರದ ಒಂದು ಕಿಂಡಿ ಅದು. ನಮ್ಮೂರಿನಲ್ಲಿ ರೋಹಿಣಿ ಮಳೆಯ ಕೊನೆಗೆ ತೆರೆಯುತ್ತದೆ, ಮೃಗಶಿರಾದಲ್ಲಿ ಪೂರಾ ತೆರೆದಿರುತ್ತದೆ. ಹೂ ಬಿಟ್ಟ ಗಿಡವಾದರೆ ಹೂ ಬಾಡಿ ಉದುರುವ ತನಕ ಕಾದು ಆರ್ದ್ರಾ ಮಳೆ ಹಿಡಿದಾಗ. ಇಲ್ಲಿ ಆರ್ದ್ರಾ ಅಂದರೆ ಜೂನ್ 21ರ ಆಸುಪಾಸು. ಪುನರ್ವಸು, ಪುಷ್ಯ ದಾಟಿದರೆ ಮಳೆಯ ಹೊಡೆತಕ್ಕೆ ಕಟ್ಟಿದ್ದು ನಿಲ್ಲುವುದಿಲ್ಲ, ಎಲೆಯ ನಡುವೆ ನೀರು ನಿಂತು ಸುಳಿ ಕೊಳೆಯುತ್ತದೆ. ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿನ ಲೆಕ್ಕ ಇದು.

ಈ ಲೆಕ್ಕವನ್ನು ಹಾಗೇ ಎತ್ತಿಕೊಂಡು ಬೇರೆ ಊರಿಗೆ ಹೋಗುವಂತಿಲ್ಲ. ಇದೇ ಸೀತಾಳೆ ಅಸ್ಸಾಮಿನಲ್ಲಿ ಕೊಪೌ ಫೂಲ್, ಆ ರಾಜ್ಯದ ಹೂವು ಕೂಡ. ಏಪ್ರಿಲ್ ನಡುವಿನಲ್ಲಿ ಬರುವ ರೊಂಗಾಲಿ ಬಿಹುವಿನಲ್ಲಿ ಹುಡುಗಿಯರು ಅದನ್ನು ತುರುಬಿಗೆ ಸುತ್ತಿ ಕುಣಿಯುತ್ತಾರೆ. ಅಲ್ಲಿ ಬೇಸಿಗೆಯ ಮಳೆ ನಮಗಿಂತ ಮೊದಲೇ ಶುರುವಾಗುತ್ತದೆ, ಹೂವೂ ಮೊದಲೇ. ಗಿಡ ಒಂದೇ, ಪಂಚಾಂಗ ಬೇರೆ. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಲ್ಲಿ ಆರ್ಕಿಡ್ ಕುಂಡ ಬದಲಿಸಲು ವಸಂತ ಒಳ್ಳೆಯದೆಂದು ಬರೆದಿರುತ್ತದೆ. ಅವರ ವಸಂತದಲ್ಲಿ ಹಿಮ ಕರಗಿ ಬೆಳಕು ಬರುತ್ತದೆ, ಗಿಡ ಚಿಗುರುತ್ತದೆ. ನಮ್ಮ ವಸಂತ ಎಂದರೆ ಬಾವಿ ತಳ ಕಾಣುವ ಕಾಲ. ಆ ಪುಸ್ತಕ ಓದಿ ಮಾರ್ಚಿನಲ್ಲಿ ಸೀತಾಳೆ ಕಟ್ಟಿದರೆ ಅದು ಏಪ್ರಿಲ್ ಹೊತ್ತಿಗೆ ಚರ್ಮ ಸುಕ್ಕಾದ ಮುದುಕನಂತಾಗುತ್ತದೆ.

ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಮಗಳ ಬಾಲ್ಕನಿಯ ಕಥೆ ಇನ್ನೊಂದು. ಅವಳ ಹತ್ತಿರ ಇರುವುದು ಫಲೆನಾಪ್ಸಿಸ್, ಚಿಟ್ಟೆಯಂತೆ ಅಗಲ ಹೂವಿನ ಅಂಗಡಿ ಗಿಡ. ಪ್ರಯೋಗಾಲಯದಲ್ಲಿ ಬೆಳೆದು, ಒದ್ದೆ ಪಾಚಿಯಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಬಂದದ್ದು. ಅದಕ್ಕೆ ನಮ್ಮ ಮಳೆ ನಕ್ಷತ್ರದ ಗೊಡವೆ ಇಲ್ಲ. ರಾತ್ರಿ ಸ್ವಲ್ಪ ತಂಪಾದರೆ ಹೂವಿನ ಕಡ್ಡಿ ಹೊರಡಿಸುತ್ತದೆ, ಎರಡು ಮೂರು ತಿಂಗಳು ಹೂ ನಿಲ್ಲುತ್ತದೆ. ಆದರೆ ನಿಯಮ ಮಾತ್ರ ಅದೇ. ಹೂ ಮುಗಿಯಲಿ, ಬುಡದಲ್ಲಿ ಹೊಸ ಬೇರಿನ ಮೂತಿ ಕಾಣಲಿ, ಆಮೇಲೆ ಹಳೆಯ ಪಾಚಿ ಬಿಡಿಸಿ ಇದ್ದಿಲು, ತೊಗಟೆಯ ತುಂಡಿಗೆ ಬದಲಿಸು ಎಂದೆ. ಅವಳು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ಬೇರು ತೋರಿಸುತ್ತಾಳೆ. ಮುಖಕ್ಕಿಂತ ಬೇರನ್ನೇ ಹೆಚ್ಚು ನೋಡಿದ್ದೇನೆ ಎಂದು ನನ್ನ ಹೆಂಡತಿಯ ದೂರು.

ನಮ್ಮ ಕಾಡಿನಲ್ಲೇ ಇರುವ ಡೆಂಡ್ರೋಬಿಯಮ್‌ಗಳದ್ದು ಮತ್ತೊಂದು ಕ್ರಮ. ಅವು ಮಳೆ ಮುಗಿದ ಮೇಲೆ ಎಲೆ ಉದುರಿಸಿ ಬರೀ ಗೆಣ್ಣು ಗೆಣ್ಣಿನ ಕಡ್ಡಿಯಾಗಿ ನಿಲ್ಲುತ್ತವೆ, ನೋಡಿದವರು ಸತ್ತಿದೆ ಎಂದುಕೊಳ್ಳಬೇಕು. ಚಳಿಗಾಲದ ಕೊನೆಗೆ ಆ ಬೋಳು ಕಡ್ಡಿಯಲ್ಲೇ ಸಾಲು ಸಾಲು ಹೂ. ಹೊಸ ಮೊಳಕೆಯೂ ಬೇರೂ ಬರುವುದು ಮಳೆ ಬಿದ್ದ ಮೇಲೆಯೇ. ನೆಲದಲ್ಲಿ ಬೆಳೆಯುವ ಹೆಬನೇರಿಯಾಗಳು ಇದಕ್ಕೆ ತದ್ವಿರುದ್ಧ. ಅವುಗಳ ಗಡ್ಡೆ ಬೇಸಿಗೆಯಿಡೀ ಮಣ್ಣಿನೊಳಗೆ ಮಲಗಿರುತ್ತದೆ. ಕದಲಿಸುವುದಾದರೆ ಮಲಗಿದ್ದಾಗಲೇ, ಮೊದಲ ಮಳೆಗೂ ಮುಂಚೆ. ಒಂದೇ ಬೆಟ್ಟದ ಮೂರು ಆರ್ಕಿಡ್‌ಗಳು, ಮೂರು ಜಾತಕ.

ಇವುಗಳ ನಡುವೆ ಮನುಷ್ಯನ ಗಡಿಯಾರದಂತೆ ನೆಟ್ಟ ಆರ್ಕಿಡ್ ಒಂದಿದೆ. ಅದು ವೆನಿಲ್ಲಾ. ಅದೂ ಆರ್ಕಿಡ್ ಎಂದು ನಮ್ಮ ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರಿಗೆ ಚಂಡಮಾರುತ ಹೊಡೆದ ನಂತರ ಜಗತ್ತಿನಲ್ಲಿ ವೆನಿಲ್ಲಾ ದರ ಏರತೊಡಗಿತು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರದ ಮಾತು ಕೇಳಿಬಂತು. ವೆನಿಲ್ಲಾ ಬಳ್ಳಿ ನೆಡಲು ಒಳ್ಳೆಯ ಕಾಲ ಆಗಸ್ಟ್-ಸೆಪ್ಟೆಂಬರ್, ಮಳೆಯ ಅಬ್ಬರ ತಗ್ಗಿ ತೇವ ಉಳಿದಿರುವಾಗ. ಕತ್ತರಿಸಿದ ಬಳ್ಳಿಯನ್ನು ಕೆಲವು ದಿನ ನೆರಳಲ್ಲಿ ಬಾಡಿಸಿ ನೆಡಬೇಕು. ಆದರೆ ದರ ಏರುತ್ತಿರುವಾಗ ಯಾರು ಸೆಪ್ಟೆಂಬರ್ ತನಕ ಕಾಯುತ್ತಾರೆ? ಏಪ್ರಿಲ್ ಬಿಸಿಲಿನಲ್ಲಿ ನೆಟ್ಟರು, ಜುಲೈ ಜಡಿಮಳೆಯಲ್ಲಿ ನೆಟ್ಟರು. ರಾತ್ರಿ ಬಳ್ಳಿ ಕಾಯಲು ತೋಟದಲ್ಲಿ ಮಂಚ ಹಾಕಿದರು. ಬೆಳಗ್ಗೆ ಅರಳಿ ಅಂದೇ ಬಾಡುವ ಹೂವಿಗೆ ಒಂದೊಂದಕ್ಕೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಂಡುಕೊಂಡ ಉಪಾಯ ಅದು. ನಮ್ಮೂರ ಹೆಂಗಸರು ಹಲ್ಲುಕಡ್ಡಿ ಹಿಡಿದು ಅದನ್ನು ಕಲಿತರು. ನೆಟ್ಟ ಬಳ್ಳಿ ಮೂರನೇ ವರ್ಷಕ್ಕೆ ಹೂ ಬಿಡುವ ಹೊತ್ತಿಗೆ ಬೆಲೆ ಕುಸಿದಿತ್ತು. ಕಾಲಕ್ಕೆ ಸರಿಯಾಗಿ ನೆಟ್ಟವರ ಬಳ್ಳಿಗೂ ಅದೇ ಗತಿ. ಗಿಡದ ಕಾಲ ನೋಡಿ ನೆಡುವುದನ್ನು ಕಲಿಯಬಹುದು, ಮಾರುಕಟ್ಟೆಯ ಕಾಲ ಯಾವ ಬೇರಿನ ತುದಿಯಲ್ಲೂ ಕಾಣುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಿಡಿದು ಕೂತಿದ್ದ ನನಗೆ ಮೂರು ವರ್ಷದ ಹಿಂದಿನ ಜನವರಿಯಲ್ಲಿ ಯಾವ ಲೆಕ್ಕಕ್ಕೂ ಸಿಗದ ಕೆಲಸ ಬಂತು. ತೋಟದ ಅಂಚಿಗೆ ಹೋಗುವ ರಸ್ತೆ ಅಗಲ ಮಾಡುವವರು ಬಂದು ಮೂರು ಮರಕ್ಕೆ ಬಣ್ಣದ ಗುರುತು ಹಾಕಿದರು. ಒಂದು ಹಲಸು, ಒಂದು ಕಾಟುಮಾವು, ಒಂದು ಮತ್ತಿ. ಮೂರೂ ನನ್ನ ಅಜ್ಜನಿಗಿಂತ ಹಳೆಯವು. ಎಣಿಸಿದೆ, ಮೂರರಲ್ಲೂ ಸೇರಿ 23 ಸೀತಾಳೆ ಬುಡ. ಜೂನ್ ತನಕ ಬಿಡಿ, ಗಿಡಗಳನ್ನಾದರೂ ಇಳಿಸಿಕೊಳ್ಳುತ್ತೇನೆ ಎಂದು ಕೇಳಿದೆ. ಮಳೆಗಾಲಕ್ಕೆ ಮುಂಚೆ ಡಾಂಬರು ಬೀಳಬೇಕು, ನಾಲ್ಕು ದಿನ ಟೈಮ್ ಕೊಡ್ತೀವಿ ಅಂದರು. ಅವರ ಕೆಲಸಕ್ಕೂ ಒಂದು ಸರಿಯಾದ ಕಾಲವಿತ್ತು. ಅದು ಗಿಡದ ಕಾಲಕ್ಕೆ ನೇರ ಎದುರಾಗಿತ್ತು, ಅಷ್ಟೇ.

ಜನವರಿಯಲ್ಲಿ ಸೀತಾಳೆಯ ಬೇರೆಲ್ಲ ಮುಚ್ಚಿಕೊಂಡಿರುತ್ತದೆ. ಆಗ ತೊಗಟೆಯಿಂದ ಕಿತ್ತರೆ ಐದು ತಿಂಗಳು ಅದಕ್ಕೆ ಹೊಸ ಬೇರು ಇಲ್ಲ, ಹಳೆಯದೂ ಹರಿದಿರುತ್ತದೆ. ಹಾಗಾಗಿ ಕೀಳುವುದೇ ಬೇಡ ಎಂದು ತೀರ್ಮಾನಿಸಿದೆವು. ಮರ ಹತ್ತುವ ಇಬ್ಬರು ಹುಡುಗರು ಸಿಕ್ಕರು. ಗಿಡ ಕೂತಿದ್ದ ಟೊಂಗೆಯನ್ನೇ ಎರಡೂ ಕಡೆ ಒಂದೊಂದು ಮೊಳ ಬಿಟ್ಟು ಗರಗಸದಲ್ಲಿ ಕೊಯ್ದು ಹಗ್ಗ ಕಟ್ಟಿ ಇಳಿಸಿದರು. ಕಾಂಡದ ಮೇಲಿದ್ದವನ್ನು ತೊಗಟೆ ಸಮೇತ ಎಬ್ಬಿಸಿದರು. ಮತ್ತಿಯ ತೊಗಟೆ ಮೊಸಳೆ ಬೆನ್ನಿನಂತೆ ಚೌಕ ಚೌಕವಾಗಿ ಸೀಳಿರುತ್ತದೆ, ಬೇರು ಆ ಸೀಳುಗಳ ಒಳಗೆ ಹೆಣೆದುಕೊಂಡಿತ್ತು. ಕೈಗೆಟುಕದಷ್ಟು ಮೇಲಿದ್ದ ಐದು ಬುಡ ಮರದ ಜೊತೆಗೇ ಬಿದ್ದು ಜಜ್ಜಿಹೋದವು. 18 ಮನೆಗೆ ಬಂದವು.

ಬಚ್ಚಲಮನೆಯ ಹಿಂದೆ, ಅಡಿಕೆ ಮರದ ನೆರಳಿನಲ್ಲಿ, ಎರಡು ಬಿದಿರಿನ ಗಳಕ್ಕೆ ಆ ಟೊಂಗೆಗಳನ್ನು ತೂಗುಹಾಕಿದೆವು. ಬೆಳಗಿನ ಜಾವ ಪಂಪಿನಲ್ಲಿ ತೆಳ್ಳಗೆ ನೀರು ಸಿಂಪಡಿಸುವುದು, ಹತ್ತು ಗಂಟೆಯೊಳಗೆ ಎಲ್ಲ ಒಣಗಿರಬೇಕು. ಹೆಚ್ಚು ನೀರು ಕೊಟ್ಟರೆ ಬೇರಿಲ್ಲದ ಗಿಡ ಕೊಳೆಯುತ್ತದೆ, ಕೊಡದಿದ್ದರೆ ಬತ್ತುತ್ತದೆ. ಒಣಗಲನ್ನು ತಡೆಯುವ ಉಪಾಯ ಗಿಡದಲ್ಲೇ ಇದೆ. ದಪ್ಪ ಎಲೆಯ ಹಲವು ಆರ್ಕಿಡ್‌ಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆದು ಉಸಿರಾಡುತ್ತವೆ, ಕಳ್ಳಿಯ ಹಾಗೆ. ನಾವು ಮಾಡಿದ್ದು ಅದಕ್ಕೆ ಅಡ್ಡಿಯಾಗದಂತೆ ನೋಡಿಕೊಂಡದ್ದು. ಆದರೂ ಯುಗಾದಿ ಕಳೆಯುವ ಹೊತ್ತಿಗೆ ಏಳು ಗಿಡ ಎಲೆ ಉದುರಿಸಿ ಮುಗಿದವು. ಉಳಿದದ್ದು 11.

ಅಮ್ಮನಿಗೆ ಆಗ 84. ತೋಟಕ್ಕೆ ಇಳಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಿಂತು ಆ ಗಳವನ್ನು ನೋಡುತ್ತಿದ್ದಳು. ಮೇ ಮೊದಲ ವಾರ ಒಂದು ಗುಡುಗು ಮಳೆ ಬಂತು. ಮರುದಿನವೇ ಕಟ್ಟಿಬಿಡುವ ಆತುರ ನನಗೆ. "ಅದಕ್ಕೆ ಗೊತ್ತಿದ್ದು ತಮಾ, ನಿಂಗೆ ಗೊತ್ತಿಲ್ಲೆ" ಎಂದಳು. ಕಾದೆವು. ರೋಹಿಣಿಯ ಕೊನೆಗೆ ಮೊದಲ ಹಸಿರು ಮೂತಿ ಕಂಡಿತು. ಒಂದೇ ವಾರದಲ್ಲಿ ಹನ್ನೊಂದರಲ್ಲಿ ಒಂಬತ್ತು ಗಿಡಗಳು ಬೇರು ತೆಗೆದವು. ಉಳಿದೆರಡು ಹಾಗೇ ಕೂತು ಆಮೇಲೆ ಕರಗಿದವು.

ಎಲ್ಲಿ ಕಟ್ಟುವುದು ಎಂಬುದೂ ಯಾವಾಗ ಎಂಬಷ್ಟೇ ಮುಖ್ಯ. ಪೇರಲೆ, ನೀಲಗಿರಿಯಂತೆ ಸಿಪ್ಪೆ ಸುಲಿದುಕೊಳ್ಳುವ ಮರ ಬೇಡ, ಬೇರಿನ ಜೊತೆ ತೊಗಟೆಯೂ ಕಳಚಿ ಬೀಳುತ್ತದೆ. ಹಲಸು, ಮಾವು, ಮತ್ತಿ ಒಳ್ಳೆಯವು. ಬೆಳಗಿನ ಬಿಸಿಲು ಬೀಳುವ ಪೂರ್ವದ ಮೈ. ಸುಳಿಯಲ್ಲಿ ನೀರು ನಿಲ್ಲದಂತೆ ಗಿಡವನ್ನು ಸ್ವಲ್ಪ ಹೊರಕ್ಕೆ ವಾಲಿಸಿ ಕಟ್ಟಬೇಕು. ಎಂಟು ಗಿಡಗಳನ್ನು ಬೆಟ್ಟದ ಅಂಚಿನ ಮರಗಳಿಗೆ ಹೀಗೆಯೇ ಕಟ್ಟಿದೆವು. ಒಂಬತ್ತನೆಯದರ ವಿಷಯದಲ್ಲಿ ಮಾತ್ರ ಮನೆಯಲ್ಲಿ ಚರ್ಚೆಯಾಯಿತು. ಅಂಗಳದ ಮಾವಿನ ಮರ ಅಮ್ಮನ ಕೋಣೆಯ ಕಿಟಕಿಗೆ ಎದುರಾಗಿದೆ. ಪಶ್ಚಿಮದ ಮೈ, ಮಧ್ಯಾಹ್ನದ ಬಿಸಿಲು ನೇರ. ಗಿಡಕ್ಕೆ ಅದು ಒಳ್ಳೆಯ ಜಾಗವಲ್ಲ. ಪೂರ್ವದ ಮೈಗೆ ಕಟ್ಟಿದರೆ ಕಿಟಕಿಯಿಂದ ಕಾಣುವುದಿಲ್ಲ. ಗಿಡಕ್ಕೆ ಹತ್ತು ವರ್ಷ ತಾಳ್ಮೆಯಿದೆ. 84 ವರ್ಷದವಳಿಗೆ ಎಷ್ಟು ಮೇ ತಿಂಗಳು ಉಳಿದಿದೆಯೆಂದು ಬಾಯಿಬಿಟ್ಟು ಕೇಳುವಂತಿಲ್ಲ. ಪಶ್ಚಿಮಕ್ಕೇ ಕಟ್ಟಿ, ಬೇಸಿಗೆಯಲ್ಲಿ ಸೋಗೆಯ ಮರೆ ಮಾಡುವುದೆಂದು ಒಪ್ಪಿದೆವು.

ಮೊದಲ ವರ್ಷ ಯಾವುದೂ ಹೂ ಬಿಡಲಿಲ್ಲ. ಬೇರು ಕಳೆದುಕೊಂಡ ಗಿಡ ಮೊದಲು ಬೇರು ಕಟ್ಟಿಕೊಳ್ಳುತ್ತದೆ. ಎರಡನೆಯ ವರ್ಷ ಎರಡು, ಈ ವರ್ಷ ಐದು ಗಿಡಗಳಲ್ಲಿ ಹೂ ಬಂತು. ಅಂಗಳದ ಮಾವಿನ ಮೇಲಿನದು ಇನ್ನೂ ಬಿಟ್ಟಿಲ್ಲ. ಅದರ ಬೇರು ಎರಡು ಗೇಣು ಹರಿದಿದೆ, ಈ ಮಳೆಗೆ ಹೊಸದಾಗಿ ಎರಡು ಎಲೆ ಬಂದಿದೆ. ಬೆಟ್ಟದಿಂದ ಒಂದು ದಂಡೆ ಕೊಯ್ದು ತಂದು ಅಮ್ಮನ ಕೈಗೆ ಕೊಟ್ಟೆ. ಅವಳು ಅದನ್ನು ಮುಡಿಯಲಿಲ್ಲ, ದೇವರಿಗೂ ಇಡಲಿಲ್ಲ. ಕಿಟಕಿಯ ಸರಳಿಗೆ ಸಿಕ್ಕಿಸಿ, "ಇದನ್ನು ನೋಡಿ ಅದೂ ಕಲೀಲಿ" ಎಂದಳು. 87 ವರ್ಷದ ತಮಾಷೆ.

ಒಂದು ಬುಡ ಉಳಿಸಲು ಇಷ್ಟು ಒದ್ದಾಟ ಯಾಕೆ, ಬೀಜ ಬಿತ್ತಿದರಾಗದೇ ಎಂದು ಕೇಳುವವರಿದ್ದಾರೆ. ಸೀತಾಳೆಯ ಒಂದು ಕಾಯಿ ಒಡೆದರೆ ಒಳಗೆ ಬೀಜ ಲೆಕ್ಕವಿಲ್ಲದಷ್ಟು, ಹಿಟ್ಟಿನಷ್ಟು ನುಣುಪು. ಆ ಬೀಜಕ್ಕೆ ಭತ್ತ, ತೊಗರಿಗೆ ಇರುವಂತೆ ಬುತ್ತಿ ಇಲ್ಲ. ಗಾಳಿಯಲ್ಲಿ ಹಾರಿ ಹೋಗಿ ತೊಗಟೆಯ ಮೇಲೆ ಕೂತಾಗ ಅಲ್ಲೊಂದು ತಕ್ಕ ಶಿಲೀಂಧ್ರ ಇದ್ದು ಅದು ಉಣಿಸಿದರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಈ ಸಂಬಂಧವನ್ನು ಗುರುತಿಸಿದ್ದು 1899ರಲ್ಲಿ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಯಿಸಿ ತೋರಿಸಿದ. ಮಗಳ ಬಾಲ್ಕನಿಯ ಗಿಡ ಬಂದದ್ದು ಆ ದಾರಿಯಲ್ಲಿ. ಬೆಟ್ಟದಲ್ಲಿ ಇವತ್ತಿಗೂ ಹಳೆಯ ದಾರಿಯೇ. ರಸ್ತೆ ಬದಿಗೆ ಈಗ ಹೊಸ ಸಸಿಗಳನ್ನು ನೆಟ್ಟಿದ್ದಾರೆ, ಒಳ್ಳೆಯದೇ. ಅವುಗಳ ತೊಗಟೆ ಒರಟಾಗಿ, ಪಾಚಿ ಹಿಡಿದು, ಶಿಲೀಂಧ್ರ ಮನೆ ಮಾಡಿ, ಎಲ್ಲಿಂದಲೋ ಬೀಜ ಬಂದು ಕೂರುವ ಕಾಲಕ್ಕೆ ನಾವು ಯಾರೂ ಇರುವುದಿಲ್ಲ. ಬೀಜ ಹಾರಿ ಬರಬೇಕಾದರೂ ಹತ್ತಿರದಲ್ಲಿ ಹೂ ಬಿಡುವ ತಾಯಿಗಿಡಗಳಿರಬೇಕು. ಒಂಬತ್ತು ಬುಡಗಳನ್ನು ಉಳಿಸಿದ್ದು ಅದಕ್ಕೆ.

ಅದಕ್ಕೇ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು, ಗಿಡ ಎಲ್ಲಿಂದ ತರುತ್ತೀರಿ? ಕಾಡಿನ ಮರದಿಂದಾದರೆ ಅಲ್ಲೇ ಬಿಡಿ. ಜಗತ್ತಿನ ಎಲ್ಲ ಆರ್ಕಿಡ್‌ಗಳೂ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿವೆ, ದೇಶದ ಗಡಿ ದಾಟಿಸುವುದಕ್ಕೇ ಅಷ್ಟು ಕಟ್ಟುಪಾಡು. ನಿಮ್ಮದೇ ಜಾಗದಲ್ಲಿ ಗಾಳಿಗೆ ಮುರಿದು ಬಿದ್ದ ಟೊಂಗೆ, ಕಡಿಯಲೇಬೇಕಾಗಿ ಬಂದ ಮರ ಆದರೆ ತಿಂಗಳು ನೋಡುತ್ತ ಕೂರಬೇಡಿ, ಟೊಂಗೆ ಸಮೇತ ಅವತ್ತೇ ನೆರಳಿಗೆ ತನ್ನಿ. ಕಟ್ಟುವುದಕ್ಕೆ ಮಾತ್ರ ಬೇರಿನ ಮೂತಿ ಕಾಯಿರಿ.

ಕಟ್ಟುವಾಗ ಪ್ಲಾಸ್ಟಿಕ್ ದಾರವನ್ನಾಗಲಿ ತಂತಿಯನ್ನಾಗಲಿ ಬಳಸಬೇಡಿ. ಅದು ವರ್ಷಗಟ್ಟಲೆ ಗಿಡವನ್ನು ಹಿಡಿದಿರುತ್ತದೆ, ಬೇರು ಹಿಡಿದಿದೆಯೋ ಇಲ್ಲವೋ ನಮಗೆ ತಿಳಿಯುವುದೇ ಇಲ್ಲ. ನಾವು ಹತ್ತಿಯ ಹಳೆ ಸೀರೆಯ ಪಟ್ಟಿ ಅಥವಾ ಬಾಳೆಪಟ್ಟೆ ಬಳಸುತ್ತೇವೆ. ಮೃಗಶಿರಾದಲ್ಲಿ ಕಟ್ಟಿದ್ದು ಹಸ್ತ-ಚಿತ್ತೆಯ ಹೊತ್ತಿಗೆ, ಅಂದರೆ ಅಕ್ಟೋಬರಿಗೆ, ಕೊಳೆತು ತಾನಾಗಿ ಉದುರುತ್ತದೆ. ಅಷ್ಟರಲ್ಲಿ ಗಿಡ ತನ್ನ ಭಾರವನ್ನು ತಾನೇ ಹೊರಬೇಕು. ಈ ವಾರ ಪಕ್ಕದ ಊರಿನವರೊಬ್ಬರ ಮನೆಯಲ್ಲಿ ಗಾಳಿಗೆ ಬಿದ್ದ ಹಲಸಿನಿಂದ ನಾಲ್ಕು ಬುಡ ಬಂದಿವೆ. ಮೂರಕ್ಕೆ ಮೂತಿ ಕಾಣುತ್ತಿದೆ. ಅಮ್ಮ ಒಂದು ಹಳೆಯ ಕಾಟನ್ ಸೀರೆ ತೆಗೆದಿಟ್ಟಿದ್ದಾಳೆ. ನಾಳೆ ಮಳೆ ಸ್ವಲ್ಪ ಬಿಟ್ಟರೆ ಕಟ್ಟಬೇಕು.